‘ಸ್ಪ್ರಿಂಗ್ ಸೋತಿದೆ’ ಎಂಬ ತೀರ್ಪು

ಹಿಡಿಕೆಯನ್ನು ಕೈಯಿಂದಲೇ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ ಪ್ರತಿಯೊಂದು ತೋಟಾವನ್ನೂ ನಳಿಗೆಗೆ ಸೇರಿಸಬೇಕಾದ ಬೋಲ್ಟ್ ರೈಫಲ್ ಹಳೆಯದಾಗಿ, ಕೈಬದಲಾಗಿ, ಹೊಸ ಒಡೆಯನ ಬಳಿ ಕುದುರೆ (ಟ್ರಿಗರ್) ಎಳೆದಾಗ ‘ಟಿಕ್’ ಎಂದಷ್ಟೇ ಸದ್ದುಮಾಡಿ ಸುಮ್ಮನಾದರೆ, ಕಾರಣ ತಿಳಿಯಲು ಅದನ್ನು ಬಿಚ್ಚಿ ನೋಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಹಿಂದಿನ ಒಡೆಯ ಕೋವಿಯನ್ನು ಎಳೆದಿಟ್ಟ ಸ್ಥಿತಿಯಲ್ಲೇ ವರ್ಷಗಟ್ಟಲೆ ಬೀರುವಿನಲ್ಲಿ ನಿಲ್ಲಿಸಿದ್ದ, ಅದುಮಿಕೊಂಡೇ ಇದ್ದ ಸ್ಪ್ರಿಂಗ್ ದಣಿದು ಸೋತುಹೋಗಿದೆ ಎಂಬ ತೀರ್ಪು ಸಿದ್ಧವಾಗಿಯೇ ಇರುತ್ತದೆ. ಎತ್ತು ದಣಿಯುತ್ತದೆ, ಆಳು ದಣಿಯುತ್ತಾನೆ, ಆದ್ದರಿಂದ ಉಕ್ಕಿನ ಸುರುಳಿಯೂ ದಣಿಯಲೇಬೇಕು ಎಂಬ ಈ ತರ್ಕದಲ್ಲಿ ಕರುಣೆಯಿದೆಯೇ ಹೊರತು ಲೋಹಶಾಸ್ತ್ರವಿಲ್ಲ.

ಭಾರತದಲ್ಲಿ ಈ ತೀರ್ಪಿಗೆ ಹೆಚ್ಚಾಗಿ ಗುರಿಯಾಗುವುದು .315 ಎಂದು ಹೆಸರಾದ ರೈಫಲ್. ಬ್ರಿಟಿಷ್ ಸೇನೆಯ .303 ತೋಟಾ ನಾಗರಿಕರ ಕೈಗೆ, ಅವರ ಮೂಲಕ ಬಂಡುಕೋರರ ಕೈಗೆ ಸೇರಬಾರದೆಂಬ ವಸಾಹತು ಸರ್ಕಾರದ ಎಚ್ಚರಿಕೆಯ ಫಲವಾಗಿ, ಆಸ್ಟ್ರಿಯಾದ ಮಾನ್ಲಿಖರ್ ತೋಟಾದಿಂದ ಹುಟ್ಟಿದ ಈ 8 ಮಿಲಿಮೀಟರ್ ಅಳತೆ ಇಲ್ಲಿನ ಶಿಕಾರಿಯವರಿಗೆ ದಕ್ಕಿತು. ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ ಇಂಥ ರೈಫಲುಗಳ ಒಳಗಿನ ಏರ್ಪಾಡು ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ವಿನ್ಯಾಸದ್ದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿ ನಿಂತರೂ, ಬೆಳೆರಕ್ಷಣೆ ಮತ್ತು ಆತ್ಮರಕ್ಷಣೆಯ ಪರವಾನಗಿಯಡಿ ಇವು ತಂದೆಯಿಂದ ಮಗನಿಗೆ, ಅಂಗಡಿಯಿಂದ ಎರಡನೆಯ ಮೂರನೆಯ ಒಡೆಯನಿಗೆ ಸಾಗುತ್ತಲೇ ಇವೆ. ಜೊತೆಗೆ ‘ಸೋತ ಸ್ಪ್ರಿಂಗಿ’ನ ಕಥೆಯೂ ಸಾಗುತ್ತಿದೆ.

ಬೋಲ್ಟಿನ ಕೊಳವೆಯೊಳಗೆ ಸುರುಳಿ ಸ್ಪ್ರಿಂಗೊಂದು ಫೈರಿಂಗ್ ಪಿನ್ ಎಂಬ ಉದ್ದನೆಯ ಉಕ್ಕಿನ ಸಲಾಕೆಯನ್ನು ಮುಂದಕ್ಕೆ ದೂಡಲು ಕಾದಿರುತ್ತದೆ. ಕುದುರೆ ಎಳೆದೊಡನೆ ತಡೆ ಕಳಚಿ, ಸಲಾಕೆಯ ತುದಿ ತೋಟಾದ ಹಿಂಬದಿಯಲ್ಲಿರುವ ಪ್ರೈಮರ್ ಎಂಬ ಪುಟ್ಟ ಬಟ್ಟಲಿಗೆ, ಹಳಬರ ಮಾತಿನಲ್ಲಿ ಕೇಪಿಗೆ, ಬಡಿಯುತ್ತದೆ. ಸ್ಪ್ರಿಂಗಿನ ಬಲವು ಅದು ಅದುಮಲ್ಪಟ್ಟ ದೂರಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದ. ಈ ನಿಯಮ ನಡೆಯುವ ಎಲ್ಲೆಯನ್ನು ಸ್ಥಿತಿಸ್ಥಾಪಕ ಮಿತಿ ಎನ್ನುತ್ತಾರೆ. ಸರಿಯಾಗಿ ರೂಪಿಸಿದ ಸ್ಪ್ರಿಂಗನ್ನು ಆ ಮಿತಿಯೊಳಗೆ ಅದುಮಿಟ್ಟರೆ, ಸಾಧಾರಣ ಉಷ್ಣತೆಯಲ್ಲಿ ಅದರ ಬಲ ಕುಗ್ಗುವುದು ಅತ್ಯಲ್ಪ, ಕುಗ್ಗುವ ವೇಗವೂ ಕಾಲ ಕಳೆದಂತೆ ಇಳಿಯುತ್ತ ಹೋಗುತ್ತದೆ. ಸ್ಪ್ರಿಂಗನ್ನು ಸವೆಸುವುದು ಲಕ್ಷಾಂತರ ಬಾರಿ ಅದುಮಿ ಬಿಡುವ ಆವರ್ತನೆ, ಮಿತಿಮೀರಿದ ಒತ್ತಡ, ಇಲ್ಲವೇ ತುಕ್ಕು. ಸುಮ್ಮನೆ ಅದುಮಿಕೊಂಡು ಕೂರುವುದಲ್ಲ. ಹತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತ ಜೀಪಿನ ಎಂಜಿನ್ನಿನಲ್ಲಿ ಕೆಲವು ಕವಾಟಗಳು ತೆರೆದ ಸ್ಥಿತಿಯಲ್ಲೇ ನಿಂತಿರುತ್ತವೆ, ಅಂದರೆ ಅವುಗಳ ಸ್ಪ್ರಿಂಗುಗಳು ಹತ್ತು ವರ್ಷವೂ ಅದುಮಿಕೊಂಡೇ ಇರುತ್ತವೆ. ಹೊಸ ಬ್ಯಾಟರಿ ಹಾಕಿ ಆ ಜೀಪನ್ನು ಓಡಿಸಿಕೊಂಡು ಬಂದವರೇ ಮನೆ ಸೇರಿ ಕೋವಿಯ ಸ್ಪ್ರಿಂಗ್ ಕುಳಿತಲ್ಲೇ ಸೋತಿತೆಂದು ನಂಬುವುದು ವಿಚಿತ್ರ.

ಹಾಗಾದರೆ ಹೊಡೆತ ಮೆತ್ತಗಾಗುವುದು ಏತಕ್ಕೆ? ಬಹುಪಾಲು ಸಂದರ್ಭಗಳಲ್ಲಿ ಉತ್ತರ ಬೋಲ್ಟಿನೊಳಗಿನ ಜಿಡ್ಡಿನಲ್ಲಿದೆ. ಲೀ-ಎನ್‌ಫೀಲ್ಡ್ ಬೋಲ್ಟಿನಿಂದ ಫೈರಿಂಗ್ ಪಿನ್ನನ್ನು ಹೊರತೆಗೆಯಲು ಮುಂಭಾಗದ ತಲೆಯನ್ನು ತಿರುಗಿಸಿ ಬಿಚ್ಚಿ, ಒಳಗೆ ಇಳಿದು ಹಿಡಿಯುವ ಟೊಳ್ಳು ಕೊಳವೆಯಂಥ ವಿಶೇಷ ಹತಾರ ಬೇಕು. ಜರ್ಮನಿಯ 1898ರ ಮೌಸರ್ ಬೋಲ್ಟಿನಂತೆ ಬರಿಗೈಯಲ್ಲಿ ಬಿಚ್ಚಲಾಗುವುದಿಲ್ಲ. ಆದ್ದರಿಂದ ನಳಿಗೆಯನ್ನು ಕನ್ನಡಿಯಂತೆ ಬೆಳಗುವ ಒಡೆಯನೂ ಬೋಲ್ಟಿನ ಒಳಭಾಗವನ್ನು ಜೀವಮಾನದಲ್ಲಿ ಒಮ್ಮೆಯೂ ಕಂಡಿರುವುದಿಲ್ಲ. ಶೇಖರಣೆಗೆ ಮುನ್ನ ಬಳಿದ ಮೇಣದಂಥ ಗ್ರೀಸು, ಅದರ ಮೇಲೆ ಪ್ರತಿ ಮಳೆಗಾಲಕ್ಕೂ ‘ಇರಲಿ ಇನ್ನಷ್ಟು’ ಎಂದು ಸುರಿದ ಎಣ್ಣೆ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸುವ ಮೊದಲು ತುಕ್ಕಿನ ಭಯಕ್ಕೆ ಬಳಿದ ಮತ್ತೊಂದು ಪದರ, ಆಯುಧಪೂಜೆಯ ಕುಂಕುಮದ ಪುಡಿ, ಸುಟ್ಟ ಮದ್ದಿನ ಮಸಿ ಎಲ್ಲವೂ ಅಲ್ಲಿ ಸೇರಿ ದಶಕಗಳಲ್ಲಿ ಅಂಟಾಗುತ್ತವೆ. ಆಯುಧಗಳ ಹಬ್ಬವಾದ ಕೈಲ್ ಪೊಳ್ದ್ ಬಂದಾಗ ಕೊಡಗಿನ ಮನೆಗಳಲ್ಲಿ ಕೋವಿಗಳನ್ನು ಒರೆಸಿ, ತೋಕ್ ಪೂ ಎಂಬ ಕೋವಿ ಹೂವನ್ನು ಸಿಕ್ಕಿಸಿ ಪೂಜಿಸುವ ಶ್ರದ್ಧೆ ದೊಡ್ಡದು. ಆದರೆ ಒರೆಸುವ ಬಟ್ಟೆ ಹೊರಮೈಯನ್ನಷ್ಟೇ ಮುಟ್ಟುತ್ತದೆ. ಇನ್ನು ಯಂತ್ರದ ಎಣ್ಣೆಯ ಬದಲು ಅಡುಗೆಮನೆಯ ಎಣ್ಣೆ ಬಳಸಿದ್ದರಂತೂ ಹೇಳುವುದೇ ಬೇಡ. ಸಸ್ಯಜನ್ಯ ಎಣ್ಣೆಗಳು ಗಾಳಿಗೆ ಒಡ್ಡಿಕೊಂಡು ನಿಧಾನವಾಗಿ ಅರಗಿನಂತಾಗುತ್ತವೆ, ತೆಂಗಿನೆಣ್ಣೆಯೋ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟಿಯೇ ಬಿಡುತ್ತದೆ. ಮಧ್ಯಾಹ್ನ ಸಿಡಿಯುವ ಕೋವಿ ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಮುಷ್ಕರ ಹೂಡಿದರೆ ಅದಕ್ಕೆ ಸ್ಪ್ರಿಂಗಿನ ವಯಸ್ಸನ್ನು ದೂರಬೇಕಾಗಿಲ್ಲ.

ಜಿಡ್ಡಿನ ಈ ಅಪರಾಧ ಬಯಲಾಗದಿರಲು ಒಂದು ಭೌತಿಕ ಕಾರಣವೂ ಉಂಟು. ದಪ್ಪ ದ್ರವವು ಚಲನೆಗೆ ಒಡ್ಡುವ ತಡೆ, ಅಂದರೆ ಸ್ನಿಗ್ಧತೆಯ ಎಳೆತ, ವೇಗ ಹೆಚ್ಚಿದಂತೆ ಹೆಚ್ಚುತ್ತದೆ. ಬೋಲ್ಟನ್ನು ಕೈಯಲ್ಲಿ ಹಿಡಿದು ಪಿನ್ನನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸಿ ನೋಡಿದರೆ ಎಲ್ಲವೂ ಸಲೀಸಾಗಿಯೇ ಕಾಣುತ್ತದೆ, ಆದರೆ ಕುದುರೆ ಎಳೆದಾಗ ಆ ಪಿನ್ ತನ್ನ ದಾರಿಯನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ಕ್ರಮಿಸಬೇಕು, ಆಗ ಅದೇ ಜಿಡ್ಡು ಕೆಸರುಗದ್ದೆಯಂತೆ ಅದರ ಕಾಲು ಹಿಡಿಯುತ್ತದೆ. ‘ಕೈಯಿಂದ ತಳ್ಳಿ ನೋಡಿದ್ದೇವೆ, ಒಳಗೆ ಏನೂ ತಡೆಯಿಲ್ಲ, ಅಂದಮೇಲೆ ಸ್ಪ್ರಿಂಗೇ’ ಎಂದು ವಾದಿಸುವವರ ಪರೀಕ್ಷೆ ತಪ್ಪು ವೇಗದಲ್ಲಿ ನಡೆದಿರುತ್ತದೆ, ಅಷ್ಟೇ.

ಇಷ್ಟಾದರೂ ನಂಬಿಕೆ ಅಳಿಯದೆ ಉಳಿದಿರುವುದಕ್ಕೆ ಅದರ ಚಿಕಿತ್ಸೆಯೇ ಕಾರಣ, ಏಕೆಂದರೆ ಆ ಚಿಕಿತ್ಸೆ ಫಲಿಸುತ್ತದೆ. ಕೋವಿ ರಿಪೇರಿಯವನು ಹೊಸ ಸ್ಪ್ರಿಂಗ್ ಹಾಕಲು ಬೋಲ್ಟನ್ನು ಬಿಚ್ಚುತ್ತಾನೆ, ಬಿಚ್ಚಿದಾಗ ಒಳಗಿನ ಹೊಲಸು ಕಂಡು ಸೀಮೆಎಣ್ಣೆಯಲ್ಲಿ ತೊಳೆದು ಒರೆಸುತ್ತಾನೆ, ಹೊಸ ಸ್ಪ್ರಿಂಗ್ ಹಾಕಿ ಮುಚ್ಚುತ್ತಾನೆ, ಕೋವಿ ಸಿಡಿಯುತ್ತದೆ. ಗುಣಪಡಿಸಿದ್ದು ಸೀಮೆಎಣ್ಣೆ, ಹೆಸರು ಬಂದದ್ದು ಸ್ಪ್ರಿಂಗಿಗೆ. ತೆಗೆದ ಹಳೆಯ ಸ್ಪ್ರಿಂಗನ್ನೇ ತೊಳೆದ ಬೋಲ್ಟಿಗೆ ಮರಳಿ ಹಾಕಿ, ಮದ್ದಿಲ್ಲದೆ ಪ್ರೈಮರ್ ಮಾತ್ರವಿರುವ ಖಾಲಿ ತೋಟಾದ ಮೇಲೆ ಒಮ್ಮೆ ಪರೀಕ್ಷಿಸಿದ್ದರೆ ವಿವಾದ ಅಲ್ಲಿಗೇ ಮುಗಿಯುತ್ತಿತ್ತು, ಆದರೆ ಗುಣವಾದ ಮೇಲೆ ರೋಗದ ಬಗ್ಗೆ ವಿಚಾರಿಸುವ ತಾಳ್ಮೆ ಅಪರೂಪ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಾಗ ಕಾಗೆಯ ತೂಕವನ್ನು ಕೊಂಡಾಡುವ ಅಭ್ಯಾಸ ಕೋವಿಗಷ್ಟೇ ಸೀಮಿತವಾಗಿಲ್ಲ. ಮೂರು ದಿನಕ್ಕೆ ತಾನಾಗಿಯೇ ಇಳಿಯುವ ಜ್ವರಕ್ಕೆ ಎರಡನೆಯ ದಿನ ಕುಡಿಸಿದ ಕಷಾಯ, ಒಂದೇ ಸಲಕ್ಕೆ ಆರು ಭಾಗ ಬದಲಾಯಿಸಿದ ಮೆಕ್ಯಾನಿಕ್ಕು ಬೆರಳಿಟ್ಟು ತೋರಿಸುವ ಏಳನೆಯ ಕಾರಣ, ಮೋಡ ಕಟ್ಟಿದ ಮೇಲೆ ನಡೆಸಿದ ಕಪ್ಪೆ ಮದುವೆ ಎಲ್ಲವೂ ಒಂದೇ ಜಾತಿಯ ಸಾಕ್ಷ್ಯಗಳು. ಹಲವು ಸಂಗತಿಗಳನ್ನು ಒಟ್ಟಿಗೆ ಬದಲಿಸಿದಾಗ ಯಾವುದು ಫಲಿಸಿತೆಂದು ಹೇಳಲಾಗದು ಎಂಬ ಸರಳ ಎಚ್ಚರವನ್ನು ಶಾಲೆಯ ಪ್ರಯೋಗಾಲಯದಲ್ಲಿ ಅಂಕಕ್ಕಾಗಿ ಬರೆದು, ಗೇಟು ದಾಟುವಷ್ಟರಲ್ಲಿ ಮರೆಯುವ ಶಿಕ್ಷಣದಿಂದ ಹೆಚ್ಚಿನದನ್ನು ನಿರೀಕ್ಷಿಸುವುದೂ ಕಷ್ಟ.

ಇದು ನಿರುಪದ್ರವಿ ಮೂಢನಂಬಿಕೆಯಾಗಿದ್ದರೆ ನಕ್ಕು ಬಿಡಬಹುದಿತ್ತು. ಸ್ಪ್ರಿಂಗಿಗೆ ‘ವಿಶ್ರಾಂತಿ’ ಕೊಡಬೇಕೆಂಬ ಕಾಳಜಿಯಿಂದ, ನಳಿಗೆಯಲ್ಲಿ ಜೀವಂತ ತೋಟಾ ಇರುವಾಗಲೇ ಬೋಲ್ಟಿನ ಹಿಂಬದಿಯ ಗುಂಡಿಯನ್ನು ಹೆಬ್ಬೆರಳಿನಿಂದ ಹಿಡಿದು, ಕುದುರೆ ಒತ್ತಿ, ಪಿನ್ನನ್ನು ಮೆಲ್ಲಗೆ ಇಳಿಸಿಡುವ ಅಭ್ಯಾಸ ಕೆಲವರಲ್ಲಿದೆ. ಹೆಬ್ಬೆರಳು ಜಾರಿದರೆ ಏನಾಗುತ್ತದೆಂಬುದು ಸ್ಪಷ್ಟ. ಜಾರದೆ ಇಳಿದರೂ ಪಿನ್ನಿನ ತುದಿ ಪ್ರೈಮರಿಗೆ ತಾಗಿಕೊಂಡೇ ಇರುವುದರಿಂದ, ಕೋವಿ ಕೆಳಗೆ ಬಿದ್ದು ಹಿಂಬದಿಗೆ ಪೆಟ್ಟಾದರೆ ಅದೇ ಗುಂಡು ಹಾರಬಹುದು. ಎಳೆದಿಟ್ಟ ಸ್ಪ್ರಿಂಗಿನಿಂದ ಕೋವಿಗೆ ಹಾನಿಯಿಲ್ಲ, ಅದನ್ನು ಹೀಗೆ ಇಳಿಸುವುದರಿಂದ ಮನುಷ್ಯನಿಗೆ ಹಾನಿಯಿದೆ. ಇಡುವ ಕೋವಿಯಲ್ಲಿ ತೋಟಾ ಇರಲೇಬಾರದೆಂಬುದು ಬೇರೆ ಮಾತು.

ಎರಡನೆಯ ಅಪಾಯ ಇನ್ನೂ ಮೋಸದ್ದು. ಮೆತ್ತನೆಯ ಹೊಡೆತಕ್ಕೆ ಜಿಡ್ಡಲ್ಲದೆ ಬೇರೆ ಕಾರಣಗಳೂ ಇರಬಹುದು, ಅವುಗಳಲ್ಲಿ ಗಂಭೀರವಾದದ್ದು ಹೆಡ್‌ಸ್ಪೇಸ್ ಎಂಬ ಅಂತರದ ಹೆಚ್ಚಳ. ಅಂಚುಳ್ಳ ತೋಟಾಗಳಲ್ಲಿ ಇದು ಮುಚ್ಚಿದ ಬೋಲ್ಟಿನ ಮುಖಕ್ಕೂ ತೋಟಾದ ಅಂಚು ಒರಗುವ ನಳಿಗೆಯ ಹಿಂತುದಿಗೂ ನಡುವಿನ ಜಾಗ. .303 ರೈಫಲುಗಳಲ್ಲಿ ಇದನ್ನು 0.064 ಇಂಚು ಮತ್ತು 0.074 ಇಂಚಿನ ಎರಡು ಉಕ್ಕಿನ ಮಾಪಕಗಳಿಂದ ಅಳೆಯುತ್ತಿದ್ದರು: ಮೊದಲನೆಯದರ ಮೇಲೆ ಬೋಲ್ಟ್ ಮುಚ್ಚಬೇಕು, ಎರಡನೆಯದರ ಮೇಲೆ ಮುಚ್ಚಬಾರದು. ಅಂತರ ಹೆಚ್ಚಿದ್ದರೆ ಪಿನ್ನಿನ ಪೆಟ್ಟು ತೋಟಾವನ್ನು ಮುಂದಕ್ಕೆ ತಳ್ಳುವುದರಲ್ಲೇ ಅರ್ಧ ವ್ಯಯವಾಗುತ್ತದೆ, ಸಿಡಿದಾಗ ತೋಟಾದ ಹಿತ್ತಾಳೆಯ ಗೋಡೆ ಹಿಗ್ಗಿ ಬುಡದ ಬಳಿ ಹರಿಯಲೂಬಹುದು. ಇಂಥ ಕೋವಿಗೆ ಬಿಗಿಯಾದ ಹೊಸ ಸ್ಪ್ರಿಂಗ್ ಹಾಕಿದರೆ ತೋಟಾ ಸಿಡಿಯತೊಡಗುತ್ತದೆ ನಿಜ, ಆದರೆ ‘ಟಿಕ್’ ಎಂದು ಎಚ್ಚರಿಸುತ್ತಿದ್ದ ಏಕೈಕ ಲಕ್ಷಣ ಮಾಯವಾಗಿ ರೋಗ ಹಾಗೇ ಉಳಿಯುತ್ತದೆ. ಹೆಡ್‌ಸ್ಪೇಸ್ ಕೆಡಲು ಸಾಮಾನ್ಯ ಕಾರಣವೊಂದು ಬೋಲ್ಟಿನ ಅದಲುಬದಲು: ಪ್ರತಿಯೊಂದು ಬೋಲ್ಟೂ ತನ್ನ ರೈಫಲಿಗೆ ಹೊಂದಿಸಿ ಕೂರಿಸಿದ್ದಾದ್ದರಿಂದ, ಒಂದೇ ಕಾರ್ಖಾನೆಯ ಬೋಲ್ಟ್ ಯಾವ ಕೋವಿಗಾದರೂ ನಡೆಯುತ್ತದೆಂಬ ಮಾತು ಸುಳ್ಳು, ಹಿಡಿಕೆಯ ಮೇಲಿನ ಸಂಖ್ಯೆ ಕೋವಿಯ ಮೈಮೇಲಿನ ಸಂಖ್ಯೆಗೆ ಹೊಂದದಿದ್ದರೆ ಕೊಳ್ಳುವ ಮೊದಲೇ ಸಂಶಯಪಡಬೇಕು.

ನಿಜವಾದ ಸಾಕ್ಷ್ಯ ಸಿಡಿಯದ ತೋಟಾದ ಬುಡದಲ್ಲೇ ಇರುತ್ತದೆ, ಅದನ್ನು ಸಿಟ್ಟಿನಿಂದ ಪೊದೆಗೆ ಎಸೆಯದಿದ್ದರೆ. ಪ್ರೈಮರಿನ ಮೇಲೆ ಗುಳಿಯೇ ಇಲ್ಲವಾದರೆ ಪಿನ್ ಮುರಿದಿದೆ, ಇಲ್ಲವೇ ಬೋಲ್ಟ್ ಪೂರ್ತಿ ಮುಚ್ಚಿಲ್ಲ. ಗುಳಿ ಆಳವಾಗಿ ನಡುಮಧ್ಯದಲ್ಲಿದ್ದರೆ ಕೋವಿ ತನ್ನ ಕೆಲಸ ಮಾಡಿದೆ, ದೋಷ ತೋಟಾದ್ದು. ಗುಳಿ ಮೇಲುಮೇಲಾಗಿದ್ದರೆ ಜಿಡ್ಡು, ಹೆಡ್‌ಸ್ಪೇಸ್ ಅಥವಾ ಪಿನ್ನಿನ ಮುಂಚಾಚು ಕಡಿಮೆಯಾಗಿರುವುದು ಎಂಬ ಮೂರನ್ನು ಇದೇ ಕ್ರಮದಲ್ಲಿ ಶಂಕಿಸಬೇಕು. ಮುಂಚಾಚು ಎಂದರೆ ಪಿನ್ನಿನ ತುದಿ ಬೋಲ್ಟಿನ ಮುಖದಿಂದ ಹೊರಗೆ ಇಣುಕುವ ಅಳತೆ, ಸುಮಾರು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು; ಲೀ-ಎನ್‌ಫೀಲ್ಡಿನಲ್ಲಿ ಪಿನ್ನನ್ನು ಹಿಂಬದಿಯ ಗುಂಡಿಗೆ ತಿರುಪಿ ಸೇರಿಸುವುದರಿಂದ, ಹಿಂದೆ ಬಿಚ್ಚಿದವನು ಒಂದು ಸುತ್ತು ತಪ್ಪಿದ್ದರೂ ಅಳತೆ ತಪ್ಪುತ್ತದೆ. ಈ ಪರಿಶೀಲನೆಗಳಾಚೆಗಿನ ದುರಸ್ತಿ ಪರವಾನಗಿ ಪಡೆದ ರಿಪೇರಿಗಾರನದೇ ಕೆಲಸ, 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮು ಅದನ್ನು ಹಾಗೆಯೇ ವಿಧಿಸಿದೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ. ಸಿಡಿಯದಿದ್ದರೆ ಒಡನೆಯೇ ಬೋಲ್ಟ್ ಎಳೆದು ಮುಂದಿನ ತೋಟಾ ಹಾಕಬೇಕೆಂಬುದು ಅಪಾಯಕಾರಿ, ಮದ್ದು ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆಯಿರುವುದರಿಂದ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ನಳಿಗೆಗೆ ನೀರು ತಾಗಲೇಬಾರದೆಂಬುದೂ ಪೂರ್ಣ ಸತ್ಯವಲ್ಲ: ಹಳೆಯ ಸೈನಿಕ ತೋಟಾಗಳ ಪ್ರೈಮರ್ ಬಿಟ್ಟುಹೋಗುವ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ, ಆದ್ದರಿಂದಲೇ ಬ್ರಿಟಿಷ್ ಸೈನಿಕರು ನಳಿಗೆಗೆ ಕುದಿನೀರು ಸುರಿದು, ಒಣಗಿಸಿ, ಅನಂತರ ಎಣ್ಣೆ ಹಚ್ಚುತ್ತಿದ್ದರು. ಬೋಲ್ಟ್ ಮುಚ್ಚುವಾಗ ಕೊನೆಯಲ್ಲಿ ಬಿಗಿಯಾಗುವುದು ದೋಷವೆಂದು ದೂರುವವರು, 1898ರ ಮೌಸರ್ ತೆರೆಯುವಾಗ ಸ್ಪ್ರಿಂಗನ್ನು ಅದುಮಿದರೆ ಲೀ-ಎನ್‌ಫೀಲ್ಡ್ ಮುಚ್ಚುವಾಗ ಅದುಮುತ್ತದೆ ಎಂಬುದನ್ನು ಅರಿತಿರುವುದಿಲ್ಲ. ಆ ಬಿಗಿ ವಿನ್ಯಾಸದ ಗುಣ.

ಈ ಕೊನೆಯ ಅಜ್ಞಾನವೇ ಕೆಲವೊಮ್ಮೆ ನಿಜವಾಗಿ ಕೆಟ್ಟ ಸ್ಪ್ರಿಂಗನ್ನು ಹುಟ್ಟಿಸುತ್ತದೆ. ಮುಚ್ಚುವುದು ಹಗುರಾಗಲೆಂದು ಹಿಂದಿನ ಒಡೆಯನೊಬ್ಬ ಸುರುಳಿಯ ಎರಡು ಸುತ್ತುಗಳನ್ನು ಕತ್ತರಿಸಿ ಬಿಸಾಡಿದ್ದರೆ, ಆ ಕೋವಿ ಮೆತ್ತಗೆ ಹೊಡೆಯುವುದು ಸಹಜ. ಆದರೆ ಅಂಥ ಸ್ಪ್ರಿಂಗನ್ನು ಹೊಸದರ ಪಕ್ಕದಲ್ಲಿಟ್ಟರೆ ಗಿಡ್ಡವಾಗಿರುವುದು ಬರಿಗಣ್ಣಿಗೇ ಕಾಣುತ್ತದೆ, ಕತ್ತರಿಸಿದ ತುದಿಯ ಮೇಲೆ ಇಕ್ಕಳದ ಹಲ್ಲಿನ ಗುರುತೂ ಉಳಿದಿರುತ್ತದೆ.