ಒಬ್ಬ ಗುರು, ಎರಡು ದಾರಿಯ ವಿಹಾರಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗಾಗುವ ಹೊತ್ತಿಗೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ವಿಜಯಪುರದಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದವರೂ ಅದರ ಎದುರಿಗೇ ಇಳಿಯುವುದು. ಕನ್ನೊಳ್ಳಿಯಂಥ ನಮ್ಮ ಕಡೆಯ ಊರಿನವರಿಗೆ ಬೆಂಗಳೂರು ಎಂದರೆ ಮೊದಲು ಈ ಗದ್ದಲ. ಆಮೇಲೆ ಗಾರೆ ಕೆಲಸ, ಪರೀಕ್ಷೆಯ ಕೋಚಿಂಗು, ಇಲ್ಲವೆ ವಿಕ್ಟೋರಿಯಾ, ಕಿದ್ವಾಯಿ ಆಸ್ಪತ್ರೆಗಳ ಮುಂದಿನ ಸರದಿ ಸಾಲು. ಹಾಗೆ ಇಳಿದು ಹೋಗುವ ಸಾವಿರಾರು ಜನರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಜಾಗವೊಂದು ಅಲ್ಲಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಸಿನಿಮಾ ವಿತರಕರ ಕಚೇರಿ, ಲಾಡ್ಜುಗಳ ನಡುವಿನ ಗಾಂಧಿನಗರದ ಕಾಳಿದಾಸ ರಸ್ತೆಯಲ್ಲಿರುವ ಮಹಾಬೋಧಿ ಸೊಸೈಟಿಯ ವಿಹಾರ.

ಒಳಗೆ ಬೋಧಗಯೆಯ ಗುಡಿಯ ಮಾದರಿಯ ಶಿಖರ, ಬೋಧಿವೃಕ್ಷ, ಕಾವಿಯ ಭಿಕ್ಷುಗಳು. ಬೆಳಿಗ್ಗೆ ಸಂಜೆ ಪಾಲಿ ಭಾಷೆಯ ಪೂಜೆ. ಅದರ ಮುಂದೆ ಕೂತವರನ್ನು ಗಮನಿಸಿದರೆ ಕರ್ನಾಟಕದ ಬೇರೆ ಯಾವ ಗುಡಿಯಲ್ಲೂ ಸಿಗದ ಬೆರಕೆ ಕಾಣುತ್ತದೆ. ಈಶಾನ್ಯ ರಾಜ್ಯಗಳಿಂದ ದುಡಿಯಲು ಬಂದ ಹುಡುಗ ಹುಡುಗಿಯರು, ಲಡಾಖಿನ ವಿದ್ಯಾರ್ಥಿಗಳು, ಬಾಬಾಸಾಹೇಬ ಅಂಬೇಡ್ಕರರ ದಾರಿಯಲ್ಲಿ ಬಂದ ಕನ್ನಡ ಕುಟುಂಬಗಳು, ಧ್ಯಾನದ ರುಚಿ ಹತ್ತಿದ ಮಧ್ಯಮವರ್ಗದವರು. ಇವರೆಲ್ಲ ಒಂದೇ ಚಾಪೆಯ ಮೇಲೆ ತ್ರಿಶರಣ, ಪಂಚಶೀಲ ಹೇಳುತ್ತಾರೆ.

ವಿಹಾರ ನಡೆಯುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮಠಗಳ ಲೆಕ್ಕ ಇಲ್ಲಿ ತಿರುವುಮುರುವು. ಮಠದಲ್ಲಿ ದಾಸೋಹ, ಬಂದವನಿಗೆ ಸ್ವಾಮಿಗಳ ಮನೆಯ ಊಟ. ವಿಹಾರದಲ್ಲಿ ಭಿಕ್ಷುವಿಗೆ ಉಣಿಸುವವರೇ ಜನ. ವಿನಯ ಎಂಬ ಭಿಕ್ಷುಗಳ ನಿಯಮಾವಳಿಯಂತೆ ಭಿಕ್ಷು ದುಡ್ಡು ಮುಟ್ಟುವಂತಿಲ್ಲ, ತನಗಾಗಿ ಒಲೆ ಹಚ್ಚುವಂತಿಲ್ಲ, ಮಧ್ಯಾಹ್ನ ಸರಿದ ಮೇಲೆ ಉಣ್ಣುವಂತಿಲ್ಲ. ಹೀಗಾಗಿ ಸೇವೆಗೆ ಬರುವ ಜನವಿಲ್ಲದೆ ವಿಹಾರ ಒಂದು ದಿನವೂ ನಡೆಯದು. ಕುಟುಂಬಗಳು ಪಾಳಿ ಹಿಡಿದು ದಾನದ ಊಟ ತರುತ್ತವೆ: ಮಗಳ ಹುಟ್ಟುಹಬ್ಬ ಒಬ್ಬರಿಗೆ, ತಂದೆಯ ಪುಣ್ಯತಿಥಿ ಇನ್ನೊಬ್ಬರಿಗೆ. ಆಷಾಢದ ಹುಣ್ಣಿಮೆಯಿಂದ ಮೂರು ತಿಂಗಳು ಭಿಕ್ಷುಗಳು ಒಂದೇ ಕಡೆ ನಿಲ್ಲುವ ವರ್ಷಾವಾಸ, ಅದು ಮುಗಿದ ಮೇಲೆ ಚೀವರ ಅರ್ಪಿಸುವ ಕಠಿನ. ಸನ್ಯಾಸಿಯನ್ನು ಗೃಹಸ್ಥನಿಗೆ ಕಟ್ಟಿಹಾಕುವ ಈ ಉಪಾಯ ಎರಡೂವರೆ ಸಾವಿರ ವರ್ಷ ಹಳೆಯದು. ನನಗಂತೂ ಬುದ್ಧನ ತತ್ವಗಳಷ್ಟೇ ಬುದ್ಧಿವಂತಿಕೆಯದೆಂದು ಕಾಣುವುದು ಇದೇ. ಜನರ ನಂಬಿಕೆ ಕಳೆದುಕೊಂಡ ಭಿಕ್ಷು ಮರುದಿನ ಉಪವಾಸ ಕೂರಬೇಕು.

ಹಾಗೆ ಪಡೆದದ್ದನ್ನು ವಾಪಸು ಕೊಡುವ ದಾರಿ ಯಾವುದು ಎಂಬ ಪ್ರಶ್ನೆಗೆ ಗಾಂಧಿನಗರದ ವಿಹಾರ ಕೊಟ್ಟ ಉತ್ತರ ಆಸ್ಪತ್ರೆ. ವಿಕ್ಟೋರಿಯಾದ ಸುಟ್ಟಗಾಯಗಳ ವಿಭಾಗಕ್ಕೆ ಇವತ್ತಿಗೂ ಮಹಾಬೋಧಿಯ ಹೆಸರಿದೆ. ಸೀರೆಗೆ ಕಿಡಿ ತಗುಲಿದವರು, ಸ್ಟೌ ಸಿಡಿದವರು, ದೀಪಾವಳಿಯ ಪಟಾಕಿಗೆ ಸಿಕ್ಕ ಮಕ್ಕಳು ಹೋಗಿ ಸೇರುವ ವಿಭಾಗ ಅದು. ನಮ್ಮ ಜಿಲ್ಲೆಗಳಿಂದಲೂ ಅಲ್ಲಿಗೆ ಹೋದವರಿದ್ದಾರೆ, ಆ ಹೆಸರೇನೆಂದು ಕೇಳುವ ಸ್ಥಿತಿಯಲ್ಲಿ ಅಲ್ಲ. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು, ರೋಗಿಗಳಿಗೆ ಹಣ್ಣು ಹಾಲು, ಬಡ ಮಕ್ಕಳಿಗೆ ವಸತಿ ಹೀಗೆ ಕೆಲಸಗಳು ಬೆಳೆದವು. ಮೈಸೂರಿನ ಶಾಖೆ ಈಶಾನ್ಯದ ಬುಡಕಟ್ಟು ಮಕ್ಕಳನ್ನು ಇರಿಸಿಕೊಂಡು ಓದಿಸುತ್ತದೆ.

ಆಸ್ಪತ್ರೆಯ ಸೇವೆಗೆ ವಿನಯಪಿಟಕದಲ್ಲೇ ಒಂದು ಮೂಲಕಥೆಯಿದೆ. ಹೊಟ್ಟೆ ಕೆಟ್ಟು ತನ್ನ ಹೇಸಿಗೆಯಲ್ಲೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಉಳಿದವರು ಬಿಟ್ಟುಬಿಟ್ಟಿರುತ್ತಾರೆ. ಬುದ್ಧ ಆನಂದನಿಂದ ನೀರು ತರಿಸಿ, ತಾನೇ ನೀರು ಹೊಯ್ದು, ಆನಂದ ತೊಳೆದ ಮೇಲೆ, ಇಬ್ಬರೂ ಸೇರಿ ಎತ್ತಿ ಮಂಚಕ್ಕೆ ಹಾಕುತ್ತಾರೆ. ಆಮೇಲೆ ಬುದ್ಧ ಸಂಘವನ್ನು ಕರೆದು, ನನ್ನ ಸೇವೆ ಮಾಡಬಯಸುವವನು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತು ಹೇಳುತ್ತಾನೆ. ಹೂವು ಏರಿಸುವುದಕ್ಕಿಂತ ಬೆಡ್‌ಪ್ಯಾನ್ ಎತ್ತುವುದು ದೊಡ್ಡದು ಎಂಬ ತೀರ್ಮಾನ ಅಲ್ಲೇ ಆಗಿಹೋಗಿದೆ.

ಗಾಂಧಿನಗರದ ಈ ಸಂಸ್ಥೆಯನ್ನು 1956ರಲ್ಲಿ ಕಟ್ಟಿದವರು ಆಚಾರ್ಯ ಬುದ್ಧರಕ್ಖಿತ ಭಂತೆ. ಹುಟ್ಟಿದ್ದು 1922ರಲ್ಲಿ, ಮಣಿಪುರದ ಇಂಫಾಲದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ನೌಕರಿ. ಯುದ್ಧ ಮುಗಿದ ಮೇಲೆ ಎಲ್ಲ ಬಿಟ್ಟು ಅಲೆದಾಟ, 1949ರಲ್ಲಿ ಕುಶಿನಾರದಲ್ಲಿ ದೀಕ್ಷೆ. ರಂಗೂನಿನಲ್ಲಿ 1954ರಿಂದ 1956ರವರೆಗೆ ನಡೆದ ಆರನೆಯ ಸಂಗೀತಿಯಲ್ಲಿ, ಅಂದರೆ ಬೌದ್ಧ ಮಹಾಸಭೆಯಲ್ಲಿ, ಬೌದ್ಧ ಗ್ರಂಥರಾಶಿಯಾದ ತಿಪಿಟಕವನ್ನು ಪರಿಷ್ಕರಿಸಿದ ಪಂಡಿತರ ಮಂಡಲಿಯಲ್ಲಿ ಅವರೂ ಇದ್ದರು. ಬೆಂಗಳೂರಿಗೆ ಬಂದವರು ಮತ್ತೆ ಹೊರಡಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೆ ಇದೇ ಊರು. ‘ಧಮ್ಮ’ ಪತ್ರಿಕೆ, ಪುಸ್ತಕ ಪ್ರಕಟಣೆ, ತಿಪಿಟಕವನ್ನು ಕನ್ನಡಕ್ಕೆ ತರುವ ಕೆಲಸ ಇವೆಲ್ಲ ಅವರು ಹಚ್ಚಿದ ದೀಪಗಳು. ಸೈನ್ಯ ಬಿಟ್ಟು ಅವರ ಶಿಷ್ಯರಾದ ಲಡಾಖಿನ ಭಿಕ್ಖು ಸಂಘಸೇನ 1986ರಲ್ಲಿ ಲೇಹ್‌ನಲ್ಲಿ ಆರಂಭಿಸಿದ ಮಹಾಬೋಧಿ ಕೇಂದ್ರ ಇಂದು ಶಾಲೆ, ಆಸ್ಪತ್ರೆ, ವೃದ್ಧಾಶ್ರಮಗಳ ದೊಡ್ಡ ಆವರಣ. ಹಿಮಾಲಯದ ಆ ಸೇವೆಯ ಬೇರು ಮೆಜೆಸ್ಟಿಕ್ ಪಕ್ಕದಲ್ಲಿದೆ.

ಕುಶಿನಾರದಲ್ಲಿ ಬುದ್ಧರಕ್ಖಿತರಿಗೆ ದೀಕ್ಷೆ ಕೊಟ್ಟವರು ಬರ್ಮಾ ಮೂಲದ ಹಿರಿಯ ಭಿಕ್ಷು ಊ ಚಂದ್ರಮಣಿ ಮಹಾಥೇರ. ಏಳು ವರ್ಷದ ನಂತರ, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಮತ್ತು ಅವರ ಪತ್ನಿ ಮಾಯಿಸಾಹೇಬರಿಗೆ ತ್ರಿಶರಣ ಪಂಚಶೀಲ ಬೋಧಿಸಿದವರೂ ಅವರೇ. ಒಬ್ಬನೇ ಗುರು; ಬೆಂಗಳೂರಿನ ಸಂಸ್ಥೆಯೂ ನಾಗಪುರದ ದೀಕ್ಷೆಯೂ ಒಂದೇ ವರ್ಷ. ಅಲ್ಲಿಂದ ಎರಡು ಹೊಳೆ ಹರಿದವು. ಒಂದು ಬೆಂಗಳೂರಿನಲ್ಲಿ ಧ್ಯಾನ, ಪಾಲಿ, ಆಸ್ಪತ್ರೆಗಳ ಕಡೆ ಹೋಯಿತು. ಇನ್ನೊಂದು ಸೊಲ್ಲಾಪುರ, ಕಲಬುರಗಿ, ಬೀದರ್, ವಿಜಯಪುರದ ಕೇರಿಗಳಲ್ಲಿ ಸ್ವಾಭಿಮಾನದ ಹೊಳೆಯಾಯಿತು. ಸೇರಬೇಕಾದಷ್ಟು ಅವು ಸೇರಿಲ್ಲ ಎಂಬುದೇ ನನ್ನ ತಕರಾರು.

ಬಾಬಾಸಾಹೇಬರಿಗೆ ಬೆಂಗಳೂರಿನ ಮೇಲೆ ಕಣ್ಣಿತ್ತು. ಬೌದ್ಧ ಉಪದೇಶಕರನ್ನು ತಯಾರು ಮಾಡುವ ವಿದ್ಯಾಲಯವೊಂದು ಇಲ್ಲಿ ಆಗಬೇಕೆಂದು ಅವರು ಬಯಸಿದ್ದರು, ಮೈಸೂರು ಮಹಾರಾಜರು ಅದಕ್ಕೆ ಐದು ಎಕರೆ ಜಾಗವನ್ನೂ ಕೊಟ್ಟಿದ್ದರು. ಆದರೆ ದೀಕ್ಷೆಯಾದ ಎರಡು ತಿಂಗಳೊಳಗೆ, ಡಿಸೆಂಬರ್ 6ಕ್ಕೆ, ಅವರೇ ಇಲ್ಲವಾದರು. ಉಪದೇಶಕರ ಕೊರತೆ ಹಾಗೇ ಉಳಿಯಿತು. ನಮ್ಮ ಭಾಗದ ಎಷ್ಟೋ ವಿಹಾರಗಳಲ್ಲಿ ನಿತ್ಯ ಇರುವ ಭಂತೆ ಇಲ್ಲ. ವಂದನೆ ಹೇಳಿಸುವವರು ಶಾಲೆಯ ಮಾಸ್ತರರೋ, ಬ್ಯಾಂಕಿನ ನೌಕರರೋ ಆಗಿರುತ್ತಾರೆ. ಅದನ್ನು ಕೊರತೆ ಎನ್ನಬಹುದು. ಭಿಕ್ಷು ಇಲ್ಲದೆಯೂ ಧಮ್ಮವನ್ನು ಹೊತ್ತು ನಡೆಸಿದ ಉಪಾಸಕರ ತಾಕತ್ತು ಎಂದೂ ಅನ್ನಬಹುದು. ನಾನು ಎರಡನೆಯದರ ಕಡೆಯವನು.

ಕರ್ನಾಟಕದಲ್ಲಿ ಇಂಥ ಉಪಾಸಕರ ಸಂಘ ಹೊಸದಲ್ಲ. ಮದರಾಸಿನಲ್ಲಿ 1898ರಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ ಪಂಡಿತ ಅಯೋತಿದಾಸರ ಮಾತಿಗೆ ಕಿವಿಗೊಟ್ಟವರು ಕೋಲಾರ ಚಿನ್ನದ ಗಣಿಯ ತಮಿಳು ಕಾರ್ಮಿಕರು. ನೆಲದಡಿಯಿಂದ ಮೇಲೆ ಬಂದವರು ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಸಂಜೆ ಸಭೆ ಸೇರುತ್ತಿದ್ದರು; ಶಾಲೆ, ಪುಸ್ತಕ, ಮದುವೆ, ಶವಸಂಸ್ಕಾರ ಎಲ್ಲ ಸಂಘದ ಕೆಲಸ. ಅಯೋತಿದಾಸರು ತೀರಿಕೊಂಡ ಮೇಲೆ ನಿಂತುಹೋಗಿದ್ದ ‘ತಮಿಳನ್’ ಪತ್ರಿಕೆ 1926ರಲ್ಲಿ ಮತ್ತೆ ಹೊರಟದ್ದು ಕೆಜಿಎಫ್‌ನಿಂದಲೇ. ನಾಗಪುರಕ್ಕೆ ಮೂರು ದಶಕ ಮೊದಲಿನ ಮಾತಿದು. ಇನ್ನೂ ಹಿಂದೆ ಹೋದರೆ 1095ರ ಡಂಬಳದ ಶಾಸನ: ಅಲ್ಲಿ ಬುದ್ಧನಿಗೂ ತಾರಾದೇವಿಗೂ ವಿಹಾರ ಕಟ್ಟಿಸಿದವರು ಸೆಟ್ಟಿಗಳು, ರಾಜರಲ್ಲ. ಪೇಟೆಯ ಜನ ಸೇರಿ ವಿಹಾರ ಸಾಕುವುದು ಗದಗ ಸೀಮೆಗೆ ಒಂಬತ್ತು ಶತಮಾನ ಹಿಂದೆಯೇ ಗೊತ್ತಿತ್ತು.

ಸಿಂದಗಿಯಿಂದ ಪೂರ್ವಕ್ಕೆ ಹೊರಟರೆ ಇದೇ ಕಥೆ ಕಲ್ಲಿನಲ್ಲಿ ಸಿಗುತ್ತದೆ. ಇಂಡಿ, ಸಿಂದಗಿ ಸೀಮೆಯನ್ನು ಸವರಿಕೊಂಡು ಹರಿಯುವ ಭೀಮೆಯೇ ಮುಂದೆ ಸನ್ನತಿ, ಕನಗನಹಳ್ಳಿಗಳನ್ನು ಮುಟ್ಟುತ್ತಾಳೆ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಗುಡಿಯೊಂದರ ಚಾವಣಿ ಕುಸಿದಾಗ ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ‘ರಾಯ ಅಸೋಕ’ ಎಂದು ಬ್ರಾಹ್ಮಿಯಲ್ಲಿ ಕೆತ್ತಿದ ಅಶೋಕನ ಉಬ್ಬುಶಿಲ್ಪವೇ ಸಿಕ್ಕಿತು. ಪ್ರವಾಸಿಗರು ನೋಡುವುದು ರಾಜನನ್ನು. ಅಲ್ಲಿನ ಕಲ್ಲುಚಪ್ಪಡಿಗಳ ಮೇಲೆ ದಾನಿಗಳ ಹೆಸರುಗಳೂ ಇವೆ. ಗೃಹಸ್ಥರು, ಭಿಕ್ಷುಗಳು, ಭಿಕ್ಷುಣಿಯರು ತಮ್ಮ ಪಾಲಿನ ಒಂದೊಂದು ಕಲ್ಲು ಕೊಟ್ಟು ಸ್ತೂಪ ಎಬ್ಬಿಸಿದ್ದಾರೆ. ಸ್ವಯಂಸೇವಕರ ಪಟ್ಟಿ ಎಂದರೆ ಅದೇ, ಸುಮಾರು ಎರಡು ಸಾವಿರ ವರ್ಷ ಹಿಂದಿನದು.

ಕಲಬುರಗಿಯ ಬುದ್ಧವಿಹಾರ ಈ ಭಾಗದವರಿಗೆ ಹೆಚ್ಚು ಪರಿಚಿತ. ಸಿಂದಗಿ, ಜೇವರ್ಗಿ ದಾಟಿ, ಭೀಮೆಯ ಸೇತುವೆ ಹಾಯ್ದು ಹೋದರೆ ವಿಶ್ವವಿದ್ಯಾಲಯದ ಹತ್ತಿರ ಬಿಳಿ ಗುಮ್ಮಟ ಕಾಣುತ್ತದೆ. ಮಲ್ಲಿಕಾರ್ಜುನ ಖರ್ಗೆಯವರು ಮುಂದೆ ನಿಂತು ಸಿದ್ಧಾರ್ಥ ವಿಹಾರ ಟ್ರಸ್ಟಿನಿಂದ ಕಟ್ಟಿಸಿದ ಇದನ್ನು 2009ರ ಜನವರಿ 7ರಂದು ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಉದ್ಘಾಟಿಸಿದರು. ಗುಮ್ಮಟದ ಎತ್ತರ 70 ಅಡಿ. ಸಾಂಚಿ, ಸಾರನಾಥ, ಅಜಂತಾ, ನಾಗಪುರ ನಾಲ್ಕರ ಛಾಯೆ ಕಟ್ಟಡದಲ್ಲಿದೆ. ರವಿವಾರ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು, ಫೋಟೊ ತೆಗೆಸಿಕೊಳ್ಳುವ ಹೊಸ ಜೋಡಿಗಳು. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ಮುರಿಯಬೇಕಿಲ್ಲ. ಗುಡಿಯ ಹೊಸ್ತಿಲು ತುಳಿಯಲು ಅಂಜುತ್ತಿದ್ದವರ ಮೊಮ್ಮಕ್ಕಳು ತಮ್ಮದೆಂಬ ಅಮೃತಶಿಲೆಯ ಅಂಗಳದಲ್ಲಿ ಓಡಾಡುವುದು ಸಣ್ಣ ಸಂಗತಿಯಲ್ಲ.

ಆದರೆ ವಿಹಾರದ ಬದುಕು ಹಬ್ಬಗಳಿಗೆ ಸೀಮಿತವಾಗುತ್ತಿದೆ ಎಂಬ ಮಾತನ್ನು ಒಳಗಿನವರೇ ಆಡುತ್ತಾರೆ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ವೈಶಾಖ ಹುಣ್ಣಿಮೆ, ಅಕ್ಟೋಬರಿನ ಧಮ್ಮಚಕ್ರ ಪ್ರವರ್ತನ ದಿನ, ಡಿಸೆಂಬರ್ 6. ಈ ದಿನಗಳಲ್ಲಿ ಬಿಳಿ ಸೀರೆ, ಬಿಳಿ ಅಂಗಿ, ಪಂಚಶೀಲ ಧ್ವಜ, ‘ಜೈ ಭೀಮ್’ ‘ನಮೋ ಬುದ್ಧಾಯ’ಗಳ ಸಡಗರ. ಉಳಿದ ದಿನ ಬೀಗ. ವರ್ಷಾವಾಸದ ಮೂರು ತಿಂಗಳು ಮಾತ್ರ ಕೆಲವು ಕೇರಿಗಳಲ್ಲಿ ಸಂಜೆ ಹೊತ್ತು ಬಾಬಾಸಾಹೇಬರ ‘ಬುದ್ಧ ಮತ್ತು ಆತನ ಧಮ್ಮ’ದ ಪಠಣ ನಡೆಯುತ್ತದೆ. ಅಕ್ಷರ ಬಲ್ಲ ಸೊಸೆ ಓದುತ್ತಾಳೆ, ಅತ್ತೆ ಕೇಳುತ್ತಾಳೆ. ಯಾವ ವೇದಿಕೆಯೂ ಇಲ್ಲದ ಈ ಸೇವೆಯೇ ನನಗೆ ಎಲ್ಲಕ್ಕಿಂತ ಗಟ್ಟಿಯಾದದ್ದು.

ಜನಗಣತಿಯ ಅಂಕಿ ಒಂದು ಎಚ್ಚರಿಕೆ ಕೊಡುತ್ತದೆ. ಕರ್ನಾಟಕದಲ್ಲಿ 2001ರಲ್ಲಿ 3,93,300 ಮಂದಿ ಬೌದ್ಧರೆಂದು ಬರೆಸಿದ್ದರು; 2011ರಲ್ಲಿ ಆ ಸಂಖ್ಯೆ 95,710ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಅಷ್ಟು ಜನ ಬುದ್ಧನನ್ನು ಬಿಟ್ಟರೆಂದು ನಾನು ನಂಬುವುದಿಲ್ಲ, ವಿಹಾರಗಳ ಮುಂದಿನ ಜನಸಂದಣಿ ಹಾಗೆ ಹೇಳುವುದಿಲ್ಲ. ಬೌದ್ಧ ಎಂದು ಬರೆಸಿದರೆ ಜಾತಿ ಪ್ರಮಾಣಪತ್ರ ಕೈತಪ್ಪೀತು, ಮಗನ ನೌಕರಿ ಹೋದೀತು ಎಂಬ ಅಳುಕು ಹಳ್ಳಿಗಳಲ್ಲಿದೆ. 1990ರಲ್ಲೇ ಕಾನೂನು ತಿದ್ದುಪಡಿಯಾಗಿ ಬೌದ್ಧರಾದ ದಲಿತರಿಗೂ ಪರಿಶಿಷ್ಟ ಜಾತಿಯ ಸ್ಥಾನ ಸಿಕ್ಕಿದೆ. ಮೂರು ದಶಕ ಕಳೆದರೂ ಈ ಒಂದು ಮಾತು ತಹಶೀಲ್ದಾರ್ ಕಚೇರಿಯ ಸಾಲಿನಲ್ಲಿ ನಿಂತವನಿಗೆ ಮುಟ್ಟಿಲ್ಲ. ಅರ್ಜಿ ತುಂಬಿಕೊಡುವ, ಕಾನೂನು ಓದಿ ಹೇಳುವ ಒಬ್ಬ ಹುಡುಗ ವಿಹಾರದಲ್ಲಿ ವಾರಕ್ಕೊಂದು ಸಂಜೆ ಕೂತರೆ ಅದೂ ಧಮ್ಮಸೇವೆಯೇ.

ಸೇವೆ ನಮ್ಮ ವಿಜಯಪುರ ಜಿಲ್ಲೆಗೆ ಕಲಿಸಬೇಕಾದ ವಿದ್ಯೆಯಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹ ಬಿಟ್ಟಾಗ ವಿಜಯಪುರದ ಸೈನಿಕ ಶಾಲೆಯ ಮೈದಾನಕ್ಕೆ ಲಕ್ಷಗಟ್ಟಲೆ ಜನ ಬಂದರು. ದಾರಿಯಲ್ಲಿ ನೀರು, ಊಟ ಕೊಟ್ಟವರು ಯಾರ ಹೆಸರಿನ ಫಲಕವನ್ನೂ ಕಾಯಲಿಲ್ಲ. ಕೈಯಿದೆ, ಮನಸ್ಸಿದೆ. ವಿಹಾರಗಳಿಗೆ ಬೇಕಾದದ್ದು ದಿನದ ಕೆಲಸದ ಕಟ್ಟು.

ಗಾಂಧಿನಗರದಿಂದ ಆ ಕಟ್ಟನ್ನು ಕಲಿಯಬಹುದು: ಪಾಳಿ ಹಾಕಿ ಅಡಿಗೆ, ಗೊತ್ತಾದ ದಿನ ಆಸ್ಪತ್ರೆ ಭೇಟಿ, ನಿಲ್ಲದ ಪಾಠ. ಗಾಂಧಿನಗರವೂ ನಮ್ಮ ಕೇರಿಗಳಿಂದ ಕಲಿಯಬೇಕು. ಸುಟ್ಟಗಾಯಕ್ಕೆ ಔಷಧಿ ಹಚ್ಚುವುದು ದೊಡ್ಡದು. ಬಾವಿಯ ನೀರು ಮುಟ್ಟಿದ್ದಕ್ಕೆ ಬಿದ್ದ ಏಟಿನ ಬಗ್ಗೆ ದನಿ ಎತ್ತುವುದೂ ಕರುಣೆಯ ಭಾಗವೇ. ಧ್ಯಾನಕ್ಕೆ ಕೂತವರಿಗೆ ಬಾಬಾಸಾಹೇಬರ ಸಿಟ್ಟು ಅರ್ಥವಾಗದಿದ್ದರೆ ಅವರ ಮೈತ್ರಿಭಾವನೆ ಅರ್ಧಕ್ಕೆ ನಿಂತಿದೆ ಎಂದೇ ತಿಳಿಯಬೇಕು.

ಕನ್ನೊಳ್ಳಿಯಿಂದಲೋ ಇಂಡಿಯಿಂದಲೋ ಮನೆಯವರ ಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟವರು ಬಿಡುವಾದ ಒಂದು ಬೆಳಿಗ್ಗೆ ಕಾಳಿದಾಸ ರಸ್ತೆಗೆ ಹೋಗಿ ಬನ್ನಿ. ಯಾರೂ ಜಾತಿ ಕೇಳುವುದಿಲ್ಲ. ಊರಿಗೆ ಮರಳಿದ ಮೇಲೆ ನಿಮ್ಮ ಕೇರಿಯ ವಿಹಾರದ ಬೀಗದ ಕೈ ಯಾರ ಹತ್ತಿರ ಇದೆ ಎಂದು ವಿಚಾರಿಸಿ. ಮುಂದಿನ ಜಯಂತಿಯವರೆಗೆ ಕಾಯದೆ, ಪಿಯುಸಿ ಮುಗಿಸಿದ ಇಬ್ಬರನ್ನು ಕರೆದು, ಏಳನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡಲು ಸಂಜೆ ಆರಕ್ಕೆ ಬಾಗಿಲು ತೆಗೆಸಿ.