ಉತ್ತ ನೆಲಕ್ಕೆ ಹುಲ್ಲು ಮರಳಿ ಬಂದಾಗ: ಕರ್ಟಿಸ್ ಪ್ರೈರಿಯಲ್ಲಿ ಒಂದು ಬೆಳಗ್ಗೆ

ಹನ್ನೊಂದು ವರ್ಷದ ಹಿಂದೆ ನಾನೊಂದು ತಪ್ಪು ಮಾಡಿದೆ. ತೋಟಗಾರಿಕೆ ಪದವಿ ಮುಗಿಸಿ ಆಗಷ್ಟೇ ಊರಿಗೆ ಬಂದಿದ್ದೆ. ಹೊಸದುರ್ಗ ತಾಲ್ಲೂಕಿನ ನಮ್ಮ ಜಮೀನಿನ ಪಕ್ಕ ಎರಡೂವರೆ ಎಕರೆ ಹುಲ್ಲುಬನ್ನಿ ಇತ್ತು. ಅಜ್ಜನ ಕಾಲದಿಂದಲೂ ನೇಗಿಲು ಕಾಣದ ನೆಲ. ದನಕ್ಕೆ ಅಂತ ಅಪ್ಪ ಅದನ್ನು ಹಾಗೇ ಬಿಟ್ಟಿದ್ದರು. ನನ್ನ ಕಣ್ಣಿಗೆ ಅದು ‘ಖಾಲಿ ಬಿದ್ದಿರೋ ಜಾಗ’. ಟ್ರ್ಯಾಕ್ಟರ್ ತರಿಸಿ ಎರಡೇ ದಿನದಲ್ಲಿ ಉಳಿಸಿ, ದಾಳಿಂಬೆ ಇಟ್ಟೆ. ನಾಲ್ಕನೇ ವರ್ಷ ದುಂಡಾಣು ಅಂಗಮಾರಿ ಬಂತು, ಗಿಡಗಳನ್ನೆಲ್ಲ ಕಿತ್ತು ಸುಟ್ಟೆ.

ಆಮೇಲೆ ಸಾವಯವಕ್ಕೆ ತಿರುಗಿದೆ. ಉಳಿದ ಜಮೀನು ನಿಧಾನಕ್ಕೆ ಚೇತರಿಸಿಕೊಂಡಿತು. ಆದರೆ ಆ ಎರಡೂವರೆ ಎಕರೆ ಮಾತ್ರ ಏಳಲಿಲ್ಲ. ಬೇಸಿಗೆಯಲ್ಲಿ ಬರೀ ಧೂಳು, ಮಳೆ ಬಿದ್ದರೆ ಕೆಂಪು ನೀರು, ನಡುವೆ ಕಾಂಗ್ರೆಸ್ ಕಳೆ. ಅಪ್ಪ ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಅದೇ ನನಗೆ ಹೆಚ್ಚು ಚುಚ್ಚೋದು.

ಈ ವರ್ಷ ತಮ್ಮ, ‘ಅಣ್ಣಾ, ಅಲ್ಲಿಗೆ ಡ್ರಿಪ್ ಎಳೆದು ಅಡಿಕೆ ಹಾಕೋಣ’ ಅಂದ. ನಾನು ಬೇಡ ಅಂದೆ. ‘ಹಾಗಾದ್ರೆ ಏನು ಮಾಡ್ತೀಯ?’ ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಜಗಳ ಅರ್ಧಕ್ಕೇ ಬಿಟ್ಟು ಅಕ್ಕನ ಮನೆಗೆ ಹೊರಟೆ. ಅಕ್ಕ ಇರೋದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ.

ಇದೂ ಒಂದು ಕಾಲಕ್ಕೆ ಹೊಲವೇ

ಮ್ಯಾಡಿಸನ್‌ನಲ್ಲಿ ವಿಶ್ವವಿದ್ಯಾಲಯದ್ದೊಂದು ಸಸ್ಯೋದ್ಯಾನ ಇದೆ. 1934ರಲ್ಲಿ ಶುರುವಾದದ್ದು. ಅದರೊಳಗೆ ಸುಮಾರು 70 ಎಕರೆಯ ‘ಕರ್ಟಿಸ್ ಪ್ರೈರಿ’ ಇದೆ. ಪ್ರೈರಿ ಅಂದರೆ ಅಲ್ಲಿನ ಎತ್ತರದ ಹುಲ್ಲುಗಾವಲು. ಹಿಂದೆ ಕಣ್ಣು ಹಾಯುವಷ್ಟು ದೂರ ಹಬ್ಬಿತ್ತು. 1837ರಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ಉಕ್ಕಿನ ನೇಗಿಲು ಮಾಡಿದ ಮೇಲೆ ಅಂಟುಮಣ್ಣಿನ ಆ ನೆಲ ಉಳುವುದು ಸುಲಭವಾಯಿತು. ಒಂದು ಶತಮಾನದೊಳಗೆ ಬಹುಪಾಲು ಮೆಕ್ಕೆಜೋಳದಂಥ ಬೆಳೆಗಳ ಹೊಲವಾಯಿತು. ವಿಸ್ಕಾನ್ಸಿನ್‌ನಲ್ಲಿ ಈಗ ಮೂಲ ಪ್ರೈರಿ ನೂರಕ್ಕೆ ಒಂದು ಪಾಲೂ ಉಳಿದಿಲ್ಲ.

ಕರ್ಟಿಸ್ ಪ್ರೈರಿ ಇರುವ ಜಾಗವೂ ಉತ್ತ ಹೊಲವೇ ಆಗಿತ್ತು, ಆಮೇಲೆ ಕುದುರೆ ಮೇಯುವ ಜಾಗವಾಯಿತು. 1930ರ ದಶಕದಲ್ಲಿ ಆಲ್ಡೊ ಲಿಯೋಪೋಲ್ಡ್ ಮತ್ತು ಜೊತೆಗಾರರು ‘ಇಲ್ಲಿ ಮತ್ತೆ ಹುಲ್ಲುಗಾವಲು ತರೋಣ’ ಎಂದು ಹೊರಟರು. ಅದು ಆರ್ಥಿಕ ಕುಸಿತದ ಕಾಲ. ಸರ್ಕಾರಿ ಯೋಜನೆಯಡಿ ಕೂಲಿಗೆ ಬಂದ ನಿರುದ್ಯೋಗಿ ಯುವಕರು 1935ರಿಂದ ದುಡಿದರು. ಅಲ್ಲಿ ಇಲ್ಲಿ ಉಳಿದಿದ್ದ ತುಂಡು ಪ್ರೈರಿಗಳಿಂದ ಬೀಜ ತಂದು ಚೆಲ್ಲಿದರು, ಬೇರು ಸಮೇತ ಹೆಂಟೆ ಕಿತ್ತು ತಂದು ನೆಟ್ಟರು. ಹೀಗೆ ಮರುಸೃಷ್ಟಿಯಾದ ಪ್ರೈರಿಗಳಲ್ಲಿ ಇದೇ ಅತ್ಯಂತ ಹಳೆಯದು ಎನ್ನುತ್ತಾರೆ.

ಹುಲ್ಲಿನೊಳಗೆ

ಆಗಸ್ಟ್ ಮೊದಲ ವಾರ, ಬೆಳಗ್ಗೆ ಏಳು ಗಂಟೆಗೆ ಒಳಗೆ ಹೋದೆ. ಪಕ್ಕದಲ್ಲೇ ಹೆದ್ದಾರಿ, ಲಾರಿಗಳ ಸದ್ದು ನಿಲ್ಲೋದೇ ಇಲ್ಲ. ಆದರೂ ಕಾಲುದಾರಿಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಹುಲ್ಲು ನಮ್ಮನ್ನು ನುಂಗಿಬಿಡುತ್ತದೆ.

ಮುಖ್ಯ ಹುಲ್ಲು ಬಿಗ್ ಬ್ಲೂಸ್ಟೆಮ್. ನನ್ನ ತಲೆಗಿಂತ ಎತ್ತರ. ತೆನೆ ಕೋಳಿ ಕಾಲಿನ ಹಾಗೆ ಮೂರು ಬೆರಳಾಗಿ ಒಡೆಯುತ್ತದೆ. ಅದರ ಪಕ್ಕ ಹಳದಿ ಹೂವಿನ ಕಂಪಾಸ್ ಗಿಡ. ಇದರ ಬುಡದ ಎಲೆಗಳು ಅಂಚನ್ನು ಉತ್ತರ-ದಕ್ಷಿಣಕ್ಕೆ ಮಾಡಿ ನಿಲ್ಲುತ್ತವೆ. ಬೆಳಗಿನ, ಸಂಜೆಯ ಬಿಸಿಲು ಎಲೆಯ ಮೈಗೆ ಬೀಳುತ್ತದೆ, ಮಧ್ಯಾಹ್ನದ ಸುಡುಬಿಸಿಲು ಅಂಚಿಗೆ ಮಾತ್ರ. ನೀರು ಉಳಿಸುವ ಉಪಾಯ. ನಂಬಿಕೆ ಬರದೆ ಮೊಬೈಲಿನ ದಿಕ್ಸೂಚಿ ಹಿಡಿದು ನೋಡಿದೆ, ಹೆಚ್ಚಿನ ಎಲೆಗಳು ಸರಿಯಾಗೇ ಇದ್ದವು. ಇದರ ತಾಯಿಬೇರು 15 ಅಡಿವರೆಗೂ ಇಳಿಯಬಲ್ಲದು. ಮೇಲೆ ಕಾಣೋದು ಹೂವು, ನಿಜವಾದ ಸಂಸಾರ ನೆಲದ ಕೆಳಗೆ.

ನೇರಳೆ ಬಣ್ಣದ ಪ್ರೈರಿ ಕ್ಲೋವರ್ ನಮ್ಮ ಹುರುಳಿಯ ಕುಲದ್ದೇ, ದ್ವಿದಳ. ಹುಲ್ಲಿನ ನಡುವೆ ನಿಂತು ಸಾರಜನಕ ಸೇರಿಸುತ್ತದೆ. ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಬಿಡ್ತೀವಲ್ಲ, ನನಗೆ ಅದೇ ನೆನಪಾಯಿತು.

ಮಿಲ್ಕ್‌ವೀಡ್ ಗಿಡದ ಎಲೆ ಮೇಲೆ ಹಳದಿ, ಕಪ್ಪು, ಬಿಳಿ ಪಟ್ಟೆಯ ಹುಳು ಇತ್ತು. ಅದು ಮೊನಾರ್ಕ್ ಚಿಟ್ಟೆಯ ಮರಿ, ಈ ಜಾತಿ ಗಿಡ ಬಿಟ್ಟರೆ ಬೇರೇನೂ ತಿನ್ನಲ್ಲ. ಎಲೆ ಕಿತ್ತರೆ ಬಿಳಿ ಹಾಲು. ಹೌದು, ನಮ್ಮ ಎಕ್ಕದ ಸಂಬಂಧಿಯೇ. ನಮ್ಮಲ್ಲಿ ಎಕ್ಕದ ಮೇಲೆ ಮೊಟ್ಟೆ ಇಡುವ ಪ್ಲೈನ್ ಟೈಗರ್ ಚಿಟ್ಟೆ ಮೊನಾರ್ಕ್‌ನ ದಾಯಾದಿ. ಬದುವಿನ ಎಕ್ಕ ಕಡಿಯುವಾಗ ಇನ್ನು ಮೇಲೆ ಎಲೆ ತಿರುಗಿಸಿ ನೋಡಿ.

ದೂರದಲ್ಲಿ ಎರಡು ಸ್ಯಾಂಡ್‌ಹಿಲ್ ಕ್ರೇನ್ ಹಕ್ಕಿಗಳು ತಲೆ ಬಗ್ಗಿಸಿ ಹುಳು ಹೆಕ್ಕುತ್ತಿದ್ದವು, ಜೊತೆಗೆ ಕಂದು ಬಣ್ಣದ ಒಂದು ಮರಿ. ನನ್ನನ್ನು ಒಮ್ಮೆ ನೋಡಿ ಮತ್ತೆ ತಮ್ಮ ಕೆಲಸಕ್ಕೆ ತೊಡಗಿದವು.

ಕೆಲಸ ಮುಗಿದಿಲ್ಲ

ದಾರಿ ಪಕ್ಕ ವಯಸ್ಸಾದ ಸ್ವಯಂಸೇವಕಿಯೊಬ್ಬರು ಬಿಳಿ ಹೂವಿನ ಗಿಡ ಕೀಳುತ್ತಿದ್ದರು. ಸ್ವೀಟ್ ಕ್ಲೋವರ್, ಹೊರಗಿನಿಂದ ಮೇವಿಗೆಂದು ಬಂದು ಈಗ ಕಳೆಯಾಗಿದೆ. ‘ಯಾವಾಗ ಮುಗಿಯುತ್ತೆ?’ ಅಂತ ಕೇಳಿದೆ. ಅವರು ನಕ್ಕು, ಮುಂದಿನ ವರ್ಷ ಬಂದರೂ ತಾನು ಇಲ್ಲೇ ಇರುತ್ತೇನೆ ಅಂದರು. ಸುಮಾರು 90 ವರ್ಷವಾದರೂ ಕೈ ಬಿಟ್ಟಿಲ್ಲ.

ತಗ್ಗಿನ ಕಡೆ ಸೋಲೂ ಕಾಣುತ್ತದೆ. ನಗರದ ಮಳೆನೀರು ಹೂಳು, ಪೋಷಕಾಂಶ ಹೊತ್ತು ಅಲ್ಲಿಗೆ ನುಗ್ಗುತ್ತದೆ. ಅಲ್ಲೆಲ್ಲ ರೀಡ್ ಕ್ಯಾನರಿ ಎಂಬ ಒಂದೇ ಹುಲ್ಲು ಆವರಿಸಿ ಉಳಿದ ಗಿಡಗಳನ್ನು ಒತ್ತಿಹಾಕಿದೆ. ನೀರು ಎಲ್ಲಿಂದ ಬರುತ್ತೆ ಅನ್ನೋದನ್ನು ಸರಿ ಮಾಡದೆ ಗಿಡ ನೆಟ್ಟು ಪ್ರಯೋಜನ ಇಲ್ಲ.

ಇನ್ನೊಂದು ವಿಷಯ ಬೆಂಕಿ. 1940ರ ದಶಕದಲ್ಲಿ ಸಸ್ಯವಿಜ್ಞಾನಿ ಜಾನ್ ಕರ್ಟಿಸ್ ಇಲ್ಲಿ ಬೆಂಕಿಯ ಪ್ರಯೋಗ ಮಾಡಿದರು, ಪ್ರೈರಿಗೆ ಅವರದೇ ಹೆಸರು. ಪ್ರೈರಿ ಗಿಡಗಳ ಮೊಗ್ಗು ಮಣ್ಣಿನಡಿ ಇರುವುದರಿಂದ ಬೆಂಕಿಯ ನಂತರ ಚಿಗುರುತ್ತವೆ, ಪೊದೆಗಳು ಹಿಂದೆ ಬೀಳುತ್ತವೆ. ಆದರೆ ಅದು ಗಾಳಿ ನೋಡಿ, ತರಬೇತಿ ಪಡೆದ ತಂಡ ತುಂಡು ತುಂಡಾಗಿ ಮಾಡುವ ಕೆಲಸ. ನಾವು ಬೇಸಿಗೆಯಲ್ಲಿ ಬದುವಿಗೆ ಕಡ್ಡಿ ಗೀರೋದಕ್ಕೆ ಇದು ಸಮರ್ಥನೆ ಅಲ್ಲ.

ದನ ಎಲ್ಲಿ?

ಅಲ್ಲಿಂದಲೇ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಊರಲ್ಲಿ ಸಂಜೆ, ಅಪ್ಪ ಜಗಲಿ ಮೇಲೆ ಕೂತಿದ್ದರು. ಕ್ಯಾಮೆರಾ ತಿರುಗಿಸಿ ಹುಲ್ಲು ತೋರಿಸಿದೆ. ತುಂಬಾ ಹೊತ್ತು ನೋಡಿದರು.

‘ಚೆನ್ನಾಗೈತೆ. ದನ ಎಲ್ಲಿ?’

‘ಇಲ್ಲಿ ದನ ಇಲ್ಲಪ್ಪ. ಹಿಂದೆ ಪ್ರೈರಿಯಲ್ಲಿ ಕಾಡೆಮ್ಮೆ ಮೇಯ್ತಿದ್ವಂತೆ.’

‘ಮತ್ತೆ? ಮೇಯೋ ಬಾಯಿ ಇಲ್ದೆ ಹುಲ್ಲು ಎಷ್ಟು ದಿನ ಇದ್ದೀತು?’ ಅಂದರು. ಸ್ವಲ್ಪ ತಡೆದು, ‘ನಮ್ಮ ಹುಲ್ಲಿನ ಬೀಜ ಪೂರ್ತಿ ಹೋಗಿಲ್ಲ ಕಣೋ. ಬೇವಿನ ಮರದ ಹಿಂದೆ, ಕಲ್ಲುಗುಡ್ಡೆ ಪಕ್ಕ ಇನ್ನೂ ಐತೆ. ಟ್ರ್ಯಾಕ್ಟರ್ ಅಲ್ಲಿ ತಿರುಗಲಿಲ್ಲ’ ಅಂದರು.

ಹನ್ನೊಂದು ವರ್ಷದಲ್ಲಿ ಆ ಜಾಗದ ಬಗ್ಗೆ ಅಪ್ಪ ಆಡಿದ ಮೊದಲ ಮಾತು ಅದು.

ಹೊರಡುವಾಗ ಒಂದು ತೆನೆ ಜೇಬಿಗೆ ಹಾಕಿಕೊಳ್ಳೋಣ ಅನಿಸಿತು. ಹಾಕಿಕೊಳ್ಳಲಿಲ್ಲ. ಅಮೆರಿಕ ಖಂಡದಿಂದ ಬಂದ ಕಾಂಗ್ರೆಸ್ ಕಳೆ ಒಂದೇ ಸಾಕು. ವಿದೇಶದಿಂದ ಬೀಜ ತರಬೇಡಿ, ಅದು ಕಾನೂನಿಗೂ ವಿರುದ್ಧ.

ನಿಮ್ಮ ಜಮೀನಿನಲ್ಲಿ ಏನು ಮಾಡಬಹುದು?

ಪಕ್ಕದ ಅಯೋವಾ ರಾಜ್ಯದ ವಿಶ್ವವಿದ್ಯಾಲಯ 2007ರಿಂದ ಒಂದು ಪ್ರಯೋಗ ನಡೆಸಿದೆ. ಮೆಕ್ಕೆಜೋಳ, ಸೋಯಾ ಹೊಲದ ಶೇ 10ರಷ್ಟು ಜಾಗವನ್ನು ಪ್ರೈರಿ ಪಟ್ಟೆಯಾಗಿ ಬಿಟ್ಟಾಗ ಹೊಲದಿಂದ ಕೊಚ್ಚಿಹೋಗುವ ಮಣ್ಣು ಸುಮಾರು ಶೇ 95ರಷ್ಟು ಕಡಿಮೆಯಾಯಿತು. ನಮ್ಮ ಮಣ್ಣು, ಮಳೆ ಬೇರೆ, ಅಂಕಿ ಹಾಗೇ ಬರಲಿಕ್ಕಿಲ್ಲ. ಆದರೆ ದಾರಿ ನಮಗೂ ಹೊಂದುತ್ತದೆ.

1. ಮೊದಲು ನೋಡಿ. ಒಂದು ಮೀಟರ್ ಚೌಕಕ್ಕೆ ನಾಲ್ಕು ಗೂಟ ಹೊಡೆದು, 15 ದಿನಕ್ಕೊಮ್ಮೆ ಒಂದೇ ಕಡೆಯಿಂದ ಫೋಟೊ ತೆಗೆಯಿರಿ. ಗಿಡದ ಹೆಸರಿಗೆ ಐನ್ಯಾಚುರಲಿಸ್ಟ್ ಆ್ಯಪ್ ಬಳಸಿ. ಮನೆಯ ಹಿರಿಯರನ್ನೂ ಕೇಳಿ.

2. ಊರಿನ ಬೀಜವನ್ನೇ ಹುಡುಕಿ. ಹಳೇ ಬದು, ಕಲ್ಲುಗುಡ್ಡೆ, ಗೋಮಾಳದ ಅಂಚಿನಲ್ಲಿ ಹುಲ್ಲು ಉಳಿದಿರುತ್ತದೆ. ಸ್ವಲ್ಪ ಮಾತ್ರ ತನ್ನಿ, ಬೇರೆಯವರ ಜಾಗವಾದರೆ ಕೇಳಿ ತನ್ನಿ.

3. ಹುಲ್ಲಿನ ಪಟ್ಟೆ ಇಳಿಜಾರಿಗೆ ಅಡ್ಡ ಇರಲಿ. ಮೇಲಿನಿಂದ ನೀರು ಎಲ್ಲಿ ನುಗ್ಗುತ್ತೆ ಅಂತ ಮಳೆಯಲ್ಲೇ ನಿಂತು ನೋಡಿ.

4. ಕಾಂಗ್ರೆಸ್ ಕಳೆಯನ್ನು ಹೂ ಬಿಡುವ ಮುಂಚೆ, ಕೈಗವಸು ಹಾಕಿ ಕೀಳಿ.

5. ಮೊದಲ ಎರಡು ವರ್ಷ ದನ ಬಿಡಬೇಡಿ. ಬೀಜ ಉದುರಿದ ಮೇಲೆ ಕೊಯ್ದು ಹಾಕಿ. ಬೆಂಕಿ ಬೇಡವೇ ಬೇಡ.

ನನ್ನ ಕಥೆ? ತಮ್ಮನೂ ನಾನೂ ಒಪ್ಪಂದಕ್ಕೆ ಬಂದಿದ್ದೇವೆ. ಅರ್ಧ ಜಾಗ ಅವನ ಅಡಿಕೆಗೆ, ಇಳಿಜಾರಿನ ಕೆಳಗಿನ ಅರ್ಧ ಮೂರು ವರ್ಷ ಹುಲ್ಲಿಗೆ. ಹಾಗಂತ ತಪ್ಪು ಸರಿಹೋಯಿತು ಅಂತಲ್ಲ. ಕಳೆದ ಭಾನುವಾರ ಅಪ್ಪ ಕುಡುಗೋಲು ಹಿಡಿದು ಬೇವಿನ ಮರದ ಹಿಂದೆ ಹೋದರು. ಹಿಂದೆ ಗೋಣಿಚೀಲ ಹಿಡಿದು ನಾನು. ಅರ್ಧ ಚೀಲ ಬೀಜ ಸಿಕ್ಕಿದೆ. ಮುಂಗಾರಿನ ಮೊದಲ ಹದಕ್ಕೆ ಚೆಲ್ಲುತ್ತೇವೆ.