ಅಂತರಜಾಲ ದೂರವಾಣಿ: ಧ್ವನಿಯ ಗುಣಕ್ಕೆ ತಕ್ಕ ಅಳತೆಗೋಲು

ಅಂತರಜಾಲದ ದೂರವಾಣಿಯಲ್ಲಿ ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸಿ ಮರಳಿ ಧ್ವನಿಯಾಗಿಸುವ ವಿಧಾನವೇ ಕೋಡೆಕ್. ಆಲಿಸಿದವರು ಧ್ವನಿಗೆ 1ರಿಂದ 5ರವರೆಗೆ ಅಂಕವೀಯುವ ಕ್ರಮವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1996ರ ಪಿ.800 ಶಿಫಾರಸಿನಲ್ಲಿ ವಿವರಿಸಿದೆ. ನಡೆಯುತ್ತಿರುವ ಕರೆಗಳ ಅಂಕವನ್ನು ಯಂತ್ರವೇ ಅಂದಾಜಿಸುತ್ತದೆ. ಈ ಗಣನೆಯಂತೆ, ದೋಷರಹಿತ ಜಾಲದಲ್ಲಿ, ಸೆಕೆಂಡಿಗೆ 64 ಕಿಲೋಬಿಟ್ ಬಳಸುವ ಜಿ.711 ಸುಮಾರು 4.4 ಅಂಕ ಪಡೆದರೆ, 8 ಕಿಲೋಬಿಟ್‌ಗಳ ಜಿ.729 ಸುಮಾರು 4.1ನ್ನಷ್ಟೇ ಮುಟ್ಟೀತು. ಎರಡಕ್ಕೂ 4.2ನ್ನೇ ಎಚ್ಚರಿಕೆಯ ಮಿತಿಯಾಗಿಸಿದರೆ ಎರಡನೆಯದು ನಿರ್ದೋಷಿಯಾಗಿಯೂ ಸದಾ ಆಪಾದಿತ, 3.5ಕ್ಕೆ ಇಳಿಸಿದರೆ ಮೊದಲನೆಯದರ ಕುಸಿತವು ಕಣ್ತಪ್ಪುವುದು. ಸುಳ್ಳು ಎಚ್ಚರಿಕೆಗಳಿಗೆ ಒಗ್ಗಿದ ಮೇಲ್ವಿಚಾರಕನು ನಿಜವಾದ ವಿಪತ್ತನ್ನೂ ಕಡೆಗಣಿಸಿಯಾನು. ಎಲ್ಲ ತರಗತಿಗಳಿಗೂ ಒಂದೇ ಪ್ರಶ್ನಪತ್ರಿಕೆ ಸಲ್ಲದಷ್ಟೆ? ಆಯಾ ಕೋಡೆಕ್‌ನ ಗರಿಷ್ಠ ಅಂಕದಿಂದ ಎಷ್ಟು ಇಳಿಯಿತೆಂಬುದೇ ಇಲ್ಲಿ ನ್ಯಾಯವಾದ ಅಳತೆಗೋಲು.